ನಳದ ನೀರಿನಲ್ಲಿ ಸೀಸ ಬೇಡ



ಇವತ್ತು ನಾವು ನಳದ ನೀರಿನ ಬಗ್ಗೆ ಮಾತಾಡೋಣ. ದಾಂಡೇಲಿ, ಹಳಿಯಾಳ, ಮುಂಡಗೋಡದ ಓಣಿಗಳಿಗೆ ನಳ ಬಂದು ಬಹಳ ವರ್ಷ ಆದವು. ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಬಾವಿಯ ನೀರು, ಹಳ್ಳದ ನೀರು ತರುವ ಮನೆಗಳೂ ಇವೆ. 2019ರಲ್ಲಿ ಜಲ ಜೀವನ ಮಿಷನ್ ಶುರುವಾಯಿತು. ಆಮೇಲೆ ಹಳ್ಳಿಯ ಮನೆಗಳಿಗೂ ನಳ ಬರತೊಡಗಿತು. ಕೊಡ ಹೊರುವುದು ತಪ್ಪಿದರೆ ಒಳ್ಳೆಯದೇ. ಆದರೆ ಆ ನೀರು ಎಂಥಾ ಪೈಪಿನಲ್ಲಿ ಬರುತ್ತದೆ ಅಂತ ನಾವು ಕೇಳಬೇಕಲ್ಲವೇ?

ತುಕ್ಕು ಹಿಡಿದ ಪೈಪಿನ ನೀರು ಕೆಂಪಗೆ ಬರುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಸೀಸ ಹಾಗಲ್ಲ ನೋಡ್ರಿ. ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ.

ಸೀಸ ಅಂದರೆ ಭಾರವಾದ, ಮೆತ್ತನೆಯ ಲೋಹ. ಗಾಡಿಯ ಬ್ಯಾಟರಿಯಲ್ಲಿ ಇರುತ್ತದೆ. ಅದು ಕುಡಿಯುವ ನೀರಿಗೆ ಹೇಗೆ ಬರುತ್ತದೆ? ಹಿಂದೆ ಬೀಡು ಕಬ್ಬಿಣದ ದೊಡ್ಡ ಪೈಪು ಜೋಡಿಸುವಾಗ ಸಂದಿಗೆ ಸೀಸ ಕರಗಿಸಿ ಹೊಯ್ಯುತ್ತಿದ್ದರು. ಪಿವಿಸಿ ಪೈಪು ಮಾಡುವಾಗ ಬಿಸಿಗೆ ಕೆಡಬಾರದು ಅಂತ ಸೀಸ ಬೆರೆಸುತ್ತಿದ್ದರು. ಹಿತ್ತಾಳೆಯ ನಳದಲ್ಲೂ ಸ್ವಲ್ಪ ಸೀಸ ಇರಬಹುದು. ರಾತ್ರಿಯೆಲ್ಲ ನೀರು ಪೈಪಿನಲ್ಲಿ ನಿಂತರೆ ಸೀಸ ನೀರಿಗೆ ಬಿಡುತ್ತದೆ.

ಸೀಸ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಮಗು ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ. ರಕ್ತ ಕಡಿಮೆಯಾಗುತ್ತದೆ. ಸೀಸ ನಮ್ಮ ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಸಿರಾದಾಗ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಇಷ್ಟು ಸೀಸ ಇದ್ದರೆ ಅಪಾಯ ಇಲ್ಲ ಅನ್ನುವ ಅಳತೆಯೇ ಇಲ್ಲ.

ಅಮೆರಿಕದಲ್ಲಿ ಫ್ಲಿಂಟ್ ಅಂತ ಒಂದು ಊರಿದೆ. 2014ರಲ್ಲಿ ಆ ಊರಿಗೆ ಬೇರೆ ಹೊಳೆಯ ನೀರು ಬಿಟ್ಟರು. ಆ ನೀರು ಹಳೆಯ ಸೀಸದ ಪೈಪುಗಳನ್ನು ತಿಂದಿತು. ನೀರು ಚೆನ್ನಾಗಿದೆ ಅಂತಲೇ ಅಧಿಕಾರಿಗಳು ಹೇಳುತ್ತಿದ್ದರು. ಲೀಆನ್ ವಾಲ್ಟರ್ಸ್ ಅನ್ನುವ ನಾಲ್ಕು ಮಕ್ಕಳ ತಾಯಿ ಸುಮ್ಮನೆ ಕೂಡಲಿಲ್ಲ. ನೀರಿನ ಪರೀಕ್ಷೆ ಮಾಡಿಸಿದಳು. ಓಣಿ ಓಣಿಯ ನೀರು ಕೂಡಿಸಲು ನೆರವಾದಳು. ಸೀಸ ಇರುವುದು ಗೊತ್ತಾಯಿತು. ಆಮೇಲೆ ಆ ಊರಿನ ಸಾವಿರಾರು ಸೀಸದ ಪೈಪು ಕಿತ್ತು ಹೊಸದು ಹಾಕಿದರು.

ನಮ್ಮ ದೇಶದಲ್ಲೂ ಕೆಲಸ ಆಗಿದೆ. ಬೆಂಗಳೂರಿನ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ಬಹಳ ವರ್ಷ ದುಡಿದರು. 2000ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. ಪಿವಿಸಿ ಪೈಪಿಗೆ ಸೀಸ ಬೆರೆಸುವುದನ್ನು ನಿಲ್ಲಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಆದರೆ ಅದಕ್ಕೂ ಮೊದಲು ಹೂತ ಪೈಪು ನೆಲದೊಳಗೇ ಇದೆ.

ನಮ್ಮ ಊರಿನ ನೀರಿನಲ್ಲಿ ಸೀಸ ಇದೆ ಅಂತ ನಾವು ಹೆದರಿಸುತ್ತಿಲ್ಲ. ಪರೀಕ್ಷೆ ಮಾಡಿಸದೆ ಇದೆ ಅಂತಲೂ ಹೇಳಬಾರದು, ಇಲ್ಲ ಅಂತಲೂ ಹೇಳಬಾರದು. ಒಂದು ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ ದಾಟಬಾರದು. ಇದು ನಮ್ಮ ದೇಶದ ಅಳತೆ.

ಹಾಗಾದರೆ ನಾವು ಏನು ಮಾಡೋಣ?

1. ನಳ ಬಿಟ್ಟ ಕೂಡಲೇ ಬರುವ ನೀರು ಕುಡಿಯುವುದು ಬೇಡ. ಮೊದಲ ಒಂದೆರಡು ಕೊಡ ಬಟ್ಟೆಗೆ, ಗಿಡಕ್ಕೆ ಇರಲಿ. ಆಮೇಲಿನ ನೀರು ಕುಡಿಯಲು ಹಿಡಿಯೋಣ.

2. ಕುದಿಸಿದರೆ ರೋಗದ ಕ್ರಿಮಿ ಸಾಯುತ್ತವೆ. ಅದಕ್ಕೆ ಕುದಿಸಲೇಬೇಕು. ಆದರೆ ಸೀಸ ಕುದಿಸಿದರೂ ಹೋಗದು, ಅರಿವೆಯಲ್ಲಿ ಸೋಸಿದರೂ ಹೋಗದು.

3. ರಾಗಿ, ನುಗ್ಗೆಸೊಪ್ಪು, ಹಾಲು, ನೆಲ್ಲಿಕಾಯಿ ಮಕ್ಕಳಿಗೆ ಕೊಡೋಣ. ಹೊಟ್ಟೆ ತುಂಬಿದ ಮಗುವಿನ ಮೈಗೆ ಸೀಸ ಕಡಿಮೆ ಹತ್ತುತ್ತದೆ.

4. ಹೊಸ ಪೈಪು ಕೊಳ್ಳುವಾಗ ಅದರ ಮೇಲಿನ ಬರಹ ಓದೋಣ. ಪಿವಿಸಿ ಪೈಪಿನ ಮೇಲೆ ಐಎಸ್‌ಐ ಗುರುತು ಮತ್ತು 4985 ಅನ್ನುವ ಅಂಕಿ ಇರಬೇಕು. ಅದು ಕುಡಿಯುವ ನೀರಿನ ಪೈಪಿನ ಅಂಕಿ. ಸೀಸ ಇಲ್ಲದ ಪೈಪು ಕೊಡ್ರಿ ಅಂತ ಕೇಳಿ, ಪಾವತಿ ತೆಗೆದುಕೊಳ್ಳೋಣ.

5. ಓಣಿಯ ಪೈಪು ಬದಲಿಸುವುದು ನಗರಸಭೆ, ಪುರಸಭೆ, ಪಂಚಾಯಿತಿಯ ಕೆಲಸ. ಮನೆಯೊಳಗಿನ ಪೈಪು ನಮ್ಮದು. ಒಂದನ್ನೇ ಬದಲಿಸಿದರೆ ಕೆಲಸ ಅರ್ಧ. ಖರ್ಚು ಹೆಚ್ಚಾದರೆ ಸಂಘದ ಉಳಿತಾಯದಿಂದ ಸಾಲ ಪಡೆಯಬಹುದು.

ಓಣಿಯ ಹೆಂಗಸರು ಕೂಡಿ ಅರ್ಜಿ ಕೊಡೋಣ. ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ಓಣಿಯ ನೀರಿನ ಪೈಪು ಬಹಳ ಹಳೆಯದು. ನೀರಿನಲ್ಲಿ ಸೀಸ ಇದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ. ಫಲಿತಾಂಶವನ್ನು ನಮಗೆ ಬರಹದಲ್ಲಿ ಕೊಡಿರಿ. ಹಳೆಯ ಪೈಪನ್ನು ಬದಲಿಸಿರಿ."

ಕೆಳಗೆ ಎಲ್ಲರೂ ಸಹಿ ಮಾಡೋಣ. ಹೆಬ್ಬೆಟ್ಟು ಬೇಡ. ಅರ್ಜಿಯ ಒಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳೋಣ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಕೇಳೋಣ. ಒಬ್ಬರೇ ಹೋಗುವುದು ಬೇಡ, ಹತ್ತು ಮಂದಿ ಕೂಡಿ ಹೋಗೋಣ.