ಮೊಹರು ನಿಜ, ಬರಹ?
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಅಂದ ಮೇಲೆ ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿರಬಹುದು. ನಾನು ಹೇಳಹೊರಟಿರುವುದು ಮೊಹರಿನ ವಿಚಾರ. ನನ್ನ ಕೆಲಸ ಡಿಜಿಟಲ್ ಸಹಿಗೆ ಸಂಬಂಧಿಸಿದ್ದು. ಹಿಂದಿನವರು ಇದನ್ನು ಹೇಗೆ ನಿಭಾಯಿಸುತ್ತಿದ್ದರು ಎಂಬ ಕುತೂಹಲದಿಂದ ತಾಮ್ರಪಟಗಳ ಬಗ್ಗೆ ಓದತೊಡಗಿದೆ.

ದೇವಸ್ಥಾನಕ್ಕೋ ಬಸದಿಗೋ ಭೂಮಿ ದಾನ ಕೊಟ್ಟಾಗ ರಾಜರು ಅದನ್ನು ತಾಮ್ರದ ಹಲಗೆಗಳ ಮೇಲೆ ಕೊರೆಸುತ್ತಿದ್ದರು. ಹಲಗೆಗಳ ತೂತಿಗೆ ಬಳೆ ಪೋಣಿಸಿ, ಬಳೆಯ ತುದಿಗಳು ಸೇರುವ ಕಡೆ ಮುದ್ರೆ ಕೂರಿಸುತ್ತಿದ್ದರು. ಬಳೆ ಕತ್ತರಿಸದೆ ಒಂದು ಹಲಗೆಯನ್ನೂ ಬದಲಿಸುವಂತಿಲ್ಲ. ಬಾದಾಮಿ ಚಾಲುಕ್ಯರ ಮುದ್ರೆಯಲ್ಲಿ ವರಾಹ. ಅದು ನಾರಾಯಣನ ಪ್ರಸಾದವೆಂದು ಅವರ ಶಾಸನಗಳೇ ಹೇಳುತ್ತವೆ. ಗಂಗರದು ಆನೆ. ವಿಜಯನಗರದವರದು ನನಗೆ ಬಹಳ ಇಷ್ಟ: ಮುದ್ರೆಯಲ್ಲಿ ವರಾಹ, ಸೂರ್ಯ, ಚಂದ್ರ, ಒಳಗೆ ನಂದಿನಾಗರಿ ಲಿಪಿಯ ಸಂಸ್ಕೃತ, ಕೊನೆಯಲ್ಲಿ ಮಾತ್ರ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’. ರಾಜನ ಸಹಿಯ ಜಾಗದಲ್ಲಿ ದೇವರ ಹೆಸರು!

ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ಈಗಿನ ಇಸ್ತಾಂಬುಲ್ ರಾಜಧಾನಿಯಾಗಿದ್ದ ಬಿಜಾಂಟಿಯಂ ಸಾಮ್ರಾಜ್ಯದ ಕ್ರೈಸ್ತ ಮಠಗಳು ಪತ್ರಕ್ಕೆ ದಾರ ಕಟ್ಟಿ, ದಾರ ತೂರಿಸಿದ ಸೀಸದ ಬಿಲ್ಲೆಯನ್ನು ಇಕ್ಕಳದಂಥ ಕಬ್ಬಿಣದ ಅಚ್ಚಿನಲ್ಲಿ ಅಮುಕುತ್ತಿದ್ದವು. ಒಂದು ಬದಿ ಮೇರಿಮಾತೆಯೋ ಮಠದ ಸಂತನೋ, ಇನ್ನೊಂದು ಬದಿ ಬರಹ. ನಾಲಂದಾ ವಿಹಾರದ ಮಣ್ಣಿನ ಮುದ್ರೆಯಲ್ಲಿ ಧರ್ಮಚಕ್ರ, ಅಕ್ಕಪಕ್ಕ ಜಿಂಕೆ. ಓದು ಬಾರದವರಿಗೂ ಚಿತ್ರ ಗುರುತು ಸಿಗುತ್ತದೆ.

ಆದರೆ ಮುದ್ರೆ ಇದ್ದ ಮಾತ್ರಕ್ಕೆ ಆಯಿತೇ? ಗಂಗರ ಎಷ್ಟೋ ತಾಮ್ರಪಟಗಳು ಖೊಟ್ಟಿ ಎಂದು ಫ್ಲೀಟ್ ವಾದಿಸಿದರು. 1904ರಲ್ಲಿ ನಮ್ಮ ತುಮಕೂರು ಜಿಲ್ಲೆಯ ಶಾಸನ ಸಂಪುಟ ತಂದ ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಫ್ಲೀಟ್ ಆನೆಯನ್ನು ನೋಡಿ ಸುಮ್ಮನಾಗಲಿಲ್ಲ, ಅಕ್ಷರದ ರೂಪ ನೋಡಿದರು, ತಿಥಿವಾರ ಲೆಕ್ಕ ಹಾಕಿದರು.

ನಮ್ಮಜ್ಜಿಗೆ ಆ ಅನುಕೂಲ ಇರಲಿಲ್ಲ. ಕೆರೆ ಕೆಳಗಿನ ಹತ್ತು ತೆಂಗಿನ ಮರದ ತುಂಡು ಭೂಮಿ, ಭೋಗ್ಯ ಎಂದು ನಂಬಿ ಹೆಬ್ಬೆಟ್ಟು ಒತ್ತಿದ್ದಳು. ನಾನು ಈ ಶಾಲೆಯಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ಟ್ರಂಕಿನಿಂದ ಆ ಕಾಗದ ತೆಗೆದು ಓದಿದೆ. ಬರೆದಿದ್ದುದು ಕ್ರಯ. “ಗುಂಡನೆ ಮೊಹರು ಇತ್ತಲ್ಲಪ್ಪ, ಸರ್ಕಾರದ್ದು” ಅಂದಳು. ಮೊಹರು ನಿಜವಾದದ್ದೇ. ಇವತ್ತಿನ ಡಿಜಿಟಲ್ ಸಹಿಯೂ ಅಷ್ಟೇ: ಯಾರು ಹಾಕಿದರು, ಆಮೇಲೆ ತಿದ್ದಿದ್ದಾರೋ ಇಲ್ಲವೋ ಹೇಳುತ್ತದೆ, ಒಳಗೆ ಏನಿದೆಯೆಂದು ನಾವೇ ಓದಬೇಕು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಂದ್ ಕಿತ ಓದಪ್ಪ” ಅಂದಳು. ಓದಿದೆ.