ಬೇಟೆಗಾರ ಅಯ್ಯಪ್ಪನ ಕಾಡು

ಅಯ್ಯಪ್ಪ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಶಬರಿಮಲೆ, ಕಪ್ಪು ಬಟ್ಟೆ, ಇರುಮುಡಿ. ಕೊಡಗಿನ ಅಯ್ಯಪ್ಪನ ಗತ್ತೇ ಬೇರೆ. ಅವನು ಬೇಟೆಗಾರ, ನಾಯಿಗಳ ಒಡೆಯ. ಅವನ ದೇವರಕಾಡಿಗೆ ಹೋದರೆ ಮರದ ಬುಡದಲ್ಲಿ ಸುಟ್ಟ ಮಣ್ಣಿನ ನಾಯಿಗಳು ಕಾಣುತ್ತವೆ. ಎಲ್ಲವೂ ಹರಕೆಯವು. ಕೆಲವಕ್ಕೆ ಕಿವಿ ಮುರಿದಿರುತ್ತದೆ, ಕೆಲವು ಮಳೆಗೆ ಪಾಚಿಗಟ್ಟಿ ಕಲ್ಲಿನ ಬಣ್ಣಕ್ಕೆ ತಿರುಗಿರುತ್ತವೆ.

ಅಂಥ ಕಾಡಿನಲ್ಲಿ ಕತ್ತಿ ಆಡಿಸುವಂತಿಲ್ಲ. ಬಿದ್ದ ಪುಳ್ಳೆಯನ್ನೂ ಒಲೆಗೆ ತರುವಂತಿಲ್ಲ. ತಂದರೆ ಮನೆಗೆ ಕೇಡು. ಮೂಢನಂಬಿಕೆ ಅನ್ನುವವರು ಅನ್ನಲಿ. ಗಾರ್ಡು, ಬೇಲಿ ಎರಡೂ ಇಲ್ಲದ ಕಾಲದಲ್ಲಿ ಆ ಹೆಮ್ಮರಗಳನ್ನು ಕಾದದ್ದು ಈ ಅಂಜಿಕೆಯೇ.

1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಗೆ ಹೋಯಿತು. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಬಿಳಿಯರ ಕಾಫಿ ತೋಟಗಳು ಏಳತೊಡಗಿದವು. ಅಲ್ಲಿಂದ ಮುಂದೆ ಕಾಡಿನ ಲೆಕ್ಕ ಕಡತಕ್ಕೆ ಬಂತು. 1905ರಲ್ಲಿ ದೇವರಕಾಡುಗಳ ವಿಸ್ತೀರ್ಣ ಸುಮಾರು 15,500 ಎಕರೆ. 1985ರ ಹೊತ್ತಿಗೆ ಉಳಿದದ್ದು ಸುಮಾರು 6,300. ದೇವರ ಹೆಸರಿನಲ್ಲಿದ್ದ ಜಾಗ ಕಂದಾಯದ ಪುಸ್ತಕದಲ್ಲಿ ಬರೀ ಒಂದು ನಂಬರು. ನಂಬರನ್ನು ಒತ್ತುವರಿ ಮಾಡಲು ಯಾರಿಗೆ ತಾನೆ ಭಯ? ಆದರೂ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಇವತ್ತಿಗೂ ಕೊಡಗಿನಲ್ಲಿವೆ. ಕೆಲವು ಕಾಫಿ ತೋಟದ ನಡುವೆ ಸಿಕ್ಕಿಕೊಂಡ ಒಂದೆರಡು ಎಕರೆಯ ತುಂಡುಗಳು, ಅಷ್ಟೆ.

ಈ ನಡುವೆ, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಬಾಯಲ್ಲಿದ್ದ ಹಾಡು, ಗಾದೆ, ಆಚಾರಗಳನ್ನು ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದರು. ಹಾಗೆ ಅಚ್ಚಿಗೆ ಸಿಗದೆ ಉಳಿದ ಕಥೆಗಳೂ ಇವೆ. ನನಗೆ ಬಹಳ ಇಷ್ಟವಾದ ಕಥೆ ದೇವರಪುರದ್ದು.

ಗೋಣಿಕೊಪ್ಪದಿಂದ ಅಷ್ಟೇನೂ ದೂರವಿಲ್ಲದ ಊರು ಅದು. ಅಯ್ಯಪ್ಪ ಅಲ್ಲಿನ ಕಾಡುಮಂದಿಯನ್ನು ಜೊತೆ ಮಾಡಿಕೊಂಡು ಬೇಟೆಗೆ ಹೊರಟನಂತೆ. ದಾರಿಯಲ್ಲಿ ಭದ್ರಕಾಳಿ ಕಣ್ಣಿಗೆ ಬಿದ್ದಳು. ಬೇಟೆ ಮರೆತುಹೋಯಿತು, ಬಂದವರೂ ಮರೆತುಹೋದರು. ನಡುಕಾಡಿನಲ್ಲಿ ಕೈಬಿಟ್ಟು ಹೋದ ದೇವರನ್ನು ಅವರು ಬಯ್ಯದೆ ಇನ್ನೇನು ಮಾಡುತ್ತಾರೆ?

ಆ ಬಯ್ಗುಳದ ನೆನಪಿಗೆ ಈಗಲೂ ಮೇ ತಿಂಗಳಲ್ಲಿ ‘ಕುಂಡೆ ಹಬ್ಬ’ ನಡೆಯುತ್ತದೆ. ಆ ದಿನ ಅಲ್ಲಿನ ಕಾಡುಮಂದಿಯಾದ ಜೇನುಕುರುಬರು, ಯರವರು ಬೀದಿಗಿಳಿಯುತ್ತಾರೆ. ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಡಬ್ಬ ಡ್ರಮ್ಮು ಬಡಿಯುತ್ತಾ ದೇವರನ್ನು ಬಯ್ಯುತ್ತಾರೆ. ಬಯ್ಗುಳ ಎಂಥದ್ದು ಎಂದು ಹೇಳಿದರೆ ಈ ಮೈಕು ನನಗೆ ಮತ್ತೆ ಸಿಗಲಾರದು! ಎದುರು ಸಿಕ್ಕ ತೋಟದ ಸಾಹುಕಾರನಿಗೂ, ಬಸ್ಸಿನಲ್ಲಿ ಕೂತ ಅಧಿಕಾರಿಗೂ ಅದೇ ಮಂಗಳಾರತಿ. ವರ್ಷವಿಡೀ ತೋಟದಲ್ಲಿ ತಲೆತಗ್ಗಿಸಿ ದುಡಿಯುವ ಬಾಯಿಗಳು ಅವು. ಅವತ್ತು ಯಾರೂ ಸಿಟ್ಟಾಗುವಂತಿಲ್ಲ. ಕಾಸು ಕೊಟ್ಟೇ ಮುಂದೆ ಹೋಗಬೇಕು. ಹಾಗೆ ಕೂಡಿದ ದುಡ್ಡಿನಲ್ಲಿ ಒಂದು ಪಾಲು ಅದೇ ಅಯ್ಯಪ್ಪನ ಹುಂಡಿಗೆ ಕಾಣಿಕೆಯಾಗಿ ಬೀಳುತ್ತದೆ.