ಬಿಸಿನೆಸ್ ಕ್ಲಾಸ್: ಗಂಡ-ಹೆಂಡತಿಗೆ ಯಾವ ಸೀಟು ಒಳ್ಳೇದು?

ಬಳ್ಳಾರಿಯಿಂದ ಮಾತಾಡ್ತಾ ಇದ್ದೀನಿ. ದುಡ್ಡು, ಖರ್ಚು, ಉಳಿತಾಯದ ವಿಷಯಗಳನ್ನ ನಮ್ಮ ಮಾತಿನಲ್ಲೇ ಬಿಡಿಸಿ ನೋಡೋ ಪಾಡ್‌ಕಾಸ್ಟ್ ಇದು.

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ವಿಮಾನದ ಬಿಸಿನೆಸ್ ಕ್ಲಾಸ್‌ನಲ್ಲಿ ಗಂಡ-ಹೆಂಡತಿ ಯಾವ ಸೀಟು ತಗೋಬೇಕು ಅನ್ನೋದು ವಿಷಯ. "ಬಿಸಿಲಿನ ಊರಿನವರಿಗೆ ಅದ್ಯಾಕ್ರೀ" ಅನ್ನಬೇಡಿ. ಸಿರುಗುಪ್ಪ, ಕುರುಗೋಡು ಕಡೆ ಮಕ್ಕಳು ಹೊರದೇಶದಲ್ಲಿರೋ ಮನೆಗಳು ಈಗ ಅಪರೂಪ ಅಲ್ಲ. ಮಗಳ ಬಾಣಂತನಕ್ಕೆ ಅಂತಲೋ ಮೊಮ್ಮಗನ ನಾಮಕರಣಕ್ಕೆ ಅಂತಲೋ ಅಪ್ಪ-ಅಮ್ಮ ಮೊದಲ ಸಲ ವಿಮಾನ ಹತ್ತುತ್ತಾರೆ. ಅಷ್ಟು ದೂರ ಮಂಡಿ ಮಡಚಿಕೊಂಡು ಕೂರೋದು ಬೇಡ ಅಂತ ಮಕ್ಕಳು ಸಾಲ ಮಾಡಿಯಾದರೂ ಬಿಸಿನೆಸ್ ಕ್ಲಾಸ್ ಮಾಡಿಸ್ತಾರೆ.

ಅಂಥದ್ದೇ ಒಂದು ಪ್ರಶ್ನೆ ಬಂದಿದೆ. ಸಿರುಗುಪ್ಪ ಮೂಲದವರು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಪ್ಪನಿಗೆ 68 ವರ್ಷ, ಶುಗರ್ ಇದೆ, ರಾತ್ರಿ ಮೂರು ಸಲ ಏಳ್ತಾರೆ. ಅವ್ವನಿಗೆ ಮೊಣಕಾಲು ನೋವು. ಇಬ್ಬರಿಗೂ ಇಂಗ್ಲಿಷ್ ಬರಲ್ಲ. ಅಪ್ಪನ ಮಾತ್ರೆ, ಇನ್ಸುಲಿನ್ ಎಲ್ಲ ನೋಡಿಕೊಳ್ಳೋದು ಅವ್ವನೇ. ಏಜೆಂಟ್ ಮಾತ್ರ "ಸರ್, ಇಬ್ಬರಿಗೂ ಒಂದೊಂದು ವಿಂಡೋ ಸೂಟ್ ಹಾಕಿಬಿಡ್ತೀನಿ, ಬಾಗಿಲು ಇರ್ತದೆ, ಫುಲ್ ಪ್ರೈವಸಿ" ಅಂದಿದ್ದಾನಂತೆ. ಅದು ಸರೀನಾ ಅಂತ ಅವರ ಪ್ರಶ್ನೆ.

ನನ್ನ ಉತ್ತರ: ಬೇಡ. ಒಬ್ಬರೇ ಓಡಾಡೋ ಆಫೀಸಿನವರಿಗೆ ಅದು ಒಳ್ಳೆ ಸೀಟು. ಈ ದಂಪತಿಗೆ ಅದು 16 ಗಂಟೆಯ ಒಂಟಿತನ. ಅಪ್ಪನ ಶುಗರ್ ಇಳಿದರೆ ಅವ್ವನಿಗೆ ಗೊತ್ತಾಗೋದೇ ಇಲ್ಲ.

ಹಂಗಾದ್ರೆ ಯಾವುದು? ಅದಕ್ಕೆ ಮೊದಲು ಸೀಟಿನ ಲೆಕ್ಕ ತಿಳ್ಕೊಬೇಕು. ಕಷ್ಟ ಏನಿಲ್ಲ, ಬಳ್ಳಾರಿ-ಬೆಂಗಳೂರು ಸ್ಲೀಪರ್ ಬಸ್ ಹತ್ತಿದವರಿಗೆಲ್ಲ ಇದು ಅರ್ಧ ಗೊತ್ತೇ ಇದೆ. ಬಸ್ಸಿನಲ್ಲಿ ಒಂದು ಕಡೆ ಒಂಟಿ ಬರ್ತ್, ಇನ್ನೊಂದು ಕಡೆ ಜೋಡಿ ಬರ್ತ್. ಜೋಡಿ ಬರ್ತ್‌ನಲ್ಲಿ ಕಿಟಕಿ ಕಡೆ ಮಲಗಿದವರು ರಾತ್ರಿ ಎದ್ದರೆ ಪಕ್ಕದವರನ್ನ ದಾಟಿಕೊಂಡೇ ಬರಬೇಕು. ವಿಮಾನದಲ್ಲೂ ಇದೇ ಕಥೆ. ಎರಡು ದಾರಿ ಇರೋ ದೊಡ್ಡ ವಿಮಾನದಲ್ಲಿ ಸೀಟುಗಳನ್ನ ಮೂರು ಅಂಕಿಯಲ್ಲಿ ಹೇಳ್ತಾರೆ: ಎಡಗಡೆ ಎಷ್ಟು, ನಡುವೆ ಎಷ್ಟು, ಬಲಗಡೆ ಎಷ್ಟು.

ಮೊದಲನೇದು 2-2-2. ಏರ್ ಇಂಡಿಯಾದ ಹಳೇ ಬೋಯಿಂಗ್ 787-8 ವಿಮಾನದಲ್ಲಿ 18 ಬಿಸಿನೆಸ್ ಸೀಟು ಹೀಗೇ ಇವೆ. ಇಲ್ಲಿ ಎಲ್ಲರೂ ಕಿಟಕಿ ಪಕ್ಕದ ಜೋಡಿ ಕೇಳ್ತಾರೆ. ಆದ್ರೆ ಸೀಟು ಹಾಸಿಗೆ ಆದಮೇಲೆ ಕಿಟಕಿ ಕಡೆಯವರು ಇನ್ನೊಬ್ಬರ ಕಾಲು ದಾಟಬೇಕು. ಮೊಣಕಾಲು ನೋವಿನವರಿಗೆ ಅದು ಆಗುತ್ತಾ? ನಡುವಿನ ಜೋಡಿ ನೋಡಿ. ಇಬ್ಬರೂ ಪಕ್ಕಪಕ್ಕ, ಒಬ್ಬೊಬ್ಬರಿಗೂ ತಮ್ಮ ತಮ್ಮ ಕಡೆ ದಾರಿ. ಯಾರೂ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಕಿಟಕಿ ಇಲ್ಲ ಅನ್ನೋದೊಂದೇ ಕೊರತೆ. ರಾತ್ರಿ ಪ್ರಯಾಣದಲ್ಲಿ ಅದೇನು ದೊಡ್ಡ ಕೊರತೆ ಅಲ್ಲ.

ಎರಡನೇದು 2-3-2. ಎಮಿರೇಟ್ಸ್‌ನ ಹಳೇ ಬೋಯಿಂಗ್ 777 ವಿಮಾನಗಳಲ್ಲಿ ಇದು ಇದೆ. ನಡುವಿನ ಮೂರರಲ್ಲಿ ಇಬ್ಬರು ಕೂತರೆ ಮೂರನೆಯವರು ಯಾರೋ ಬರ್ತಾರೆ. ಇಲ್ಲಿ ಮಾತ್ರ ಕಿಟಕಿ ಪಕ್ಕದ ಜೋಡಿ ತಗೊಳ್ಳಿ, ರಾತ್ರಿ ಹೆಚ್ಚು ಸಲ ಏಳೋರನ್ನ ದಾರಿ ಕಡೆ ಕೂರಿಸಿ.

ಮೂರನೇದು 1-2-1. ಈಗಿನ ಹೊಸ ವಿಮಾನಗಳಲ್ಲಿ ಹೆಚ್ಚಾಗಿ ಇದೇ. ಏರ್ ಇಂಡಿಯಾದ ಎ350 ವಿಮಾನದಲ್ಲಿ ಬಾಗಿಲು ಇರೋ 28 ಸೂಟ್‌ಗಳು ಹೀಗಿವೆ. ದಂಪತಿಗೆ ನಡುವಿನ ಎರಡು. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ. ಕೆಲವು ವಿಮಾನದಲ್ಲಿ ನಡುವಿನ ಜೋಡಿ ಒಂದು ಸಾಲಿನಲ್ಲಿ ಹತ್ತಿರ, ಮುಂದಿನ ಸಾಲಿನಲ್ಲಿ ದೂರ ಇರ್ತದೆ. ಎಮಿರೇಟ್ಸ್ 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಎ380 ತಂದಿತಲ್ಲ, ಆ ಎರಡು ಮಹಡಿಯ ವಿಮಾನ, ಅದರ ಮೇಲಿನ ಮಹಡಿಯಲ್ಲಿ ಬಿಸಿನೆಸ್ ಕ್ಲಾಸ್ ಇದೆ. ಅಲ್ಲಿ ಇ ಮತ್ತು ಎಫ್ ಸೀಟುಗಳು ಅಂಟಿಕೊಂಡ ಹಾಗೆ ಹತ್ತಿರ. ಡಿ ಮತ್ತು ಜಿ ಸೀಟುಗಳು ಅದೇ ನಡುವಿನ ಭಾಗದಲ್ಲಿದ್ರೂ ಮಧ್ಯೆ ಎರಡು ಟೇಬಲ್ ಅಡ್ಡ ಬರ್ತವೆ. ಸೀಟಿನ ನಕ್ಷೆಯಲ್ಲಿ ಎರಡೂ ಪಕ್ಕಪಕ್ಕ ಅನ್ನಿಸ್ತವೆ, ಕೂತಾಗ ಕೈ ಕೂಡ ನಿಲುಕಲ್ಲ.

ಕತಾರ್ ಏರ್‌ವೇಸ್ 2017ರಲ್ಲಿ ತಂದ ಕ್ಯೂಸೂಟ್‌ನಲ್ಲೂ ಹೀಗೇ. ನಡುವಿನ ಇ-ಎಫ್ ಜೋಡಿಯನ್ನ ಸೇರಿಸಿ ಡಬಲ್ ಬೆಡ್ ಮಾಡ್ತಾರೆ. ಡಬಲ್ ಬೆಡ್ ಅಂದ ಕೂಡಲೇ ನಮ್ಮ ಹಿರಿಯರು ನಾಚಿಕೊಂಡು ಬೇಡ ಅಂತಾರೆ, ಬೇಡ ಬಿಡಿ. ನಡುವಿನ ಪರದೆ ಇಳಿಸಿದ್ರೆ ಸಾಕು, ಅಪ್ಪನ ಮುಖ ಅವ್ವನಿಗೆ ಕಾಣ್ತದೆ. ಒಂದು ವಿಷಯ, ಆ ಸೀಟುಗಳು ವಿಮಾನದ ಹಿಂಭಾಗಕ್ಕೆ ಮುಖ ಮಾಡಿರ್ತವೆ. ರೈಲಿನಲ್ಲಿ ಹಿಮ್ಮುಖ ಕೂತರೆ ತಲೆ ತಿರುಗುತ್ತೆ ಅನ್ನೋರು ಇದನ್ನ ಮೊದಲೇ ಯೋಚಿಸಿ.

ಇದರಿಂದ ತಿಳಿಯೋದೇನು? ಕಂಪನಿ ಹೆಸರು ನೋಡಿ ಸೀಟು ತಗೋಬಾರದು, ವಿಮಾನದ ಮಾದರಿ ನೋಡಿ ತಗೋಬೇಕು. ಬುಕ್ ಮಾಡೋವಾಗ ವಿಮಾನದ ಮಾದರಿ ಅಲ್ಲೇ ಬರೆದಿರ್ತದೆ. ಏರೋಲೋಪಾ ಅನ್ನೋ ಜಾಲತಾಣದಲ್ಲಿ ಆ ಮಾದರಿಯ ನಕ್ಷೆ ಅಳತೆ ಸಮೇತ ಸಿಗ್ತದೆ. ಶೌಚಾಲಯ ಎಲ್ಲಿದೆ, ಅಡುಗೆ ಕಟ್ಟೆ ಎಲ್ಲಿದೆ ನೋಡಿ. ಹಿರಿಯರಿಗೆ ಶೌಚಾಲಯದಿಂದ ಎರಡು-ಮೂರು ಸಾಲು ದೂರ ಆದ್ರೆ ಸರಿ. ತೀರಾ ಪಕ್ಕ ಆದ್ರೆ ಬಾಗಿಲ ಸದ್ದು, ಬೆಳಕು. ಮೊದಲನೇ ಸಾಲಿನಲ್ಲಿ ಕಾಲಿಗೆ ಜಾಗ ಜಾಸ್ತಿ ಇರಬಹುದು, ಆದ್ರೆ ತೊಟ್ಟಿಲು ಹಾಕೋ ಜಾಗವೂ ಸಾಮಾನ್ಯವಾಗಿ ಅಲ್ಲೇ.

ಈಗ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್ ಕ್ಲಾಸ್ ಟಿಕೆಟ್ ಮೇಲಿನ ಜಿಎಸ್‌ಟಿ 12ರಿಂದ ಶೇ 18ಕ್ಕೆ ಏರಿದೆ. ಎಕಾನಮಿಗೆ ಶೇ 5 ಹಾಗೇ ಇದೆ. ಉದಾಹರಣೆಗೆ ತೆರಿಗೆ ಬೀಳೋ ದರ 3 ಲಕ್ಷ ಅಂದ್ಕೊಳ್ಳಿ. ಮೊದಲು 36 ಸಾವಿರ ತೆರಿಗೆ, ಈಗ 54 ಸಾವಿರ. ಇಬ್ಬರಿಗೆ ಸೇರಿ 36 ಸಾವಿರ ಹೆಚ್ಚಾಯ್ತು. ಅಕ್ಕಿ ಗಿರಣಿ, ಜೀನ್ಸ್ ಘಟಕ ಇರೋರು "ಕಂಪನಿ ಹೆಸರಲ್ಲಿ ಬಿಲ್ ಮಾಡಿಸಿ ಇನ್‌ಪುಟ್ ಕ್ರೆಡಿಟ್ ತಗೋತೀವಿ" ಅಂತಾರೆ. ಮೊಮ್ಮಗನ್ನ ನೋಡೋಕೆ ಹೋಗೋದು ವ್ಯಾಪಾರ ಅಲ್ಲ, ಸ್ವಂತ ಖರ್ಚಿಗೆ ಆ ಕ್ರೆಡಿಟ್ ಸಿಗಲ್ಲ.

ಉಳಿಸೋಕೆ ದಾರಿ ಇದೆ. ಬೆಂಗಳೂರು-ದುಬೈ ಸುಮಾರು ನಾಲ್ಕು ಗಂಟೆ, ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 16 ಗಂಟೆ. ನಾಲ್ಕು ಗಂಟೆಗೆ ಎಕಾನಮಿ, ಉದ್ದದ ಹಾರಾಟಕ್ಕೆ ಬಿಸಿನೆಸ್ ಅಂತ ಒಂದೇ ಟಿಕೆಟ್‌ನಲ್ಲಿ ಬೆರೆಸಿ ಕೇಳಿ. ಎಲ್ಲ ಸಲ ಅಗ್ಗ ಆಗಲ್ಲ, ಲೆಕ್ಕ ಹಾಕಿ ನೋಡಬೇಕು. ಅತಿ ಕಡಿಮೆ ದರದ ಕೆಲವು ಬಿಸಿನೆಸ್ ಟಿಕೆಟ್‌ಗಳಲ್ಲಿ ಸೀಟು ಆರಿಸೋಕೇ ಬೇರೆ ದುಡ್ಡು ಕೇಳ್ತಾರೆ. ಆ ದುಡ್ಡು ಉಳಿಸಿ ಜೋಡಿ ಸೀಟು ಕಳ್ಕೊಂಡ್ರೆ ಉಳಿದಿದ್ದಕ್ಕೆ ಅರ್ಥ ಇಲ್ಲ.

ಇಬ್ಬರ ಟಿಕೆಟ್ಟೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಸೀಟು ಸಿಕ್ಕಿತು ಅಂತ ಸುಮ್ಮನಿರಬೇಡಿ. ಕೊನೇ ಗಳಿಗೆಯಲ್ಲಿ ವಿಮಾನ ಬದಲಾದ್ರೆ ಸೀಟೂ ಬದಲಾಗ್ತದೆ. ವಾರಕ್ಕೊಮ್ಮೆ ನೋಡ್ತಾ ಇರಿ, ಹೊರಡೋ ಹಿಂದಿನ ದಿನ ತಪ್ಪದೆ ನೋಡಿ. ನಮ್ಮ ಹಂಪಿ ಎಕ್ಸ್‌ಪ್ರೆಸ್‌ನ ಫಸ್ಟ್ ಎಸಿಯಲ್ಲಿ ಇಬ್ಬರ ಕೂಪೆ ಸಿಗುತ್ತೋ ನಾಲ್ವರ ಕ್ಯಾಬಿನ್ ಸಿಗುತ್ತೋ ಅಂತ ಚಾರ್ಟ್ ಬರೋವರೆಗೂ ಕಾಯಬೇಕು, ಅದು ನಮ್ಮ ಕೈಲಿಲ್ಲ. ವಿಮಾನದಲ್ಲಿ ಅದು ನಮ್ಮ ಕೈಲಿದೆ, ಬಳಸ್ಕೊಳ್ಳಿ.

ವೀಲ್‌ಚೇರ್, ಸಸ್ಯಾಹಾರ ಅಥವಾ ಶುಗರ್‌ನವರ ಊಟ, ಇದನ್ನೆಲ್ಲ ಬುಕ್ ಮಾಡೋವಾಗಲೇ ಬರೆಸಿ. ಇನ್ಸುಲಿನ್, ಮಾತ್ರೆ, ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ.

ಕೊನೇದಾಗಿ ದುಡ್ಡು ಖರ್ಚಾಗದ ಕೆಲಸ. ನಡುವಿನ ಜೋಡಿ ಸೀಟಿಗೆ ಹೋದಾಗ ಪರದೆ ಎತ್ತಿಯೇ ಇರಬಹುದು. ಗೊತ್ತಿಲ್ಲದವರು ಅದನ್ನ ಗೋಡೆ ಅಂದ್ಕೊಂಡು ಊರು ಮುಟ್ಟೋವರೆಗೂ ಹಾಗೇ ಕೂತಿರ್ತಾರೆ. ಪರದೆ ಇಳಿಸೋದು, ಹಾಸಿಗೆ ಮಾಡೋದು, ಸಿಬ್ಬಂದಿಯನ್ನ ಕರೆಯೋದು, ಈ ಮೂರು ಗುಂಡಿ ಯಾವುವು ಅಂತ ಆ ವಿಮಾನದ ವಿಡಿಯೋ ಹಾಕಿ ಮನೆಯಲ್ಲೇ ತೋರಿಸಿ. ನೀವು ದೂರ ಇದ್ರೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಹೇಳಿ ಕಳಿಸಿ.

ಸಿರುಗುಪ್ಪದ ಕೇಳುಗರೇ, ಏಜೆಂಟ್‌ಗೆ ಇಷ್ಟು ಹೇಳಿ: "ಪ್ರೈವಸಿ ಬೇಡಪ್ಪ. ನಡುವಿನ ಜೋಡಿ, ಹತ್ತಿರ ಇರೋ ಸಾಲು, ಇಬ್ಬರಿಗೂ ಸ್ವಂತ ದಾರಿ." ಅಪ್ಪ-ಅವ್ವನ ಪ್ರಯಾಣ ಸುಖವಾಗಿರಲಿ. ಹೋಗಿ ಬಂದಮೇಲೆ ಅವ್ವ ಏನಂದ್ರು ಅಂತ ತಿಳಿಸಿ, ಇಲ್ಲೇ ಎಲ್ಲರಿಗೂ ಹೇಳ್ತೀನಿ.